ಓದುಗರ ಪ್ರಶ್ನೆ, ನಮ್ಮ ಉತ್ತರ: ಕೆಪ್ಪ ಜೋಗ, ಕತ್ತಲೆಕಾನು ಮತ್ತು ಒಂದು ಹಗಲು

ಪ್ರಶ್ನೆ: ದಸರೆ ರಜೆಯಲ್ಲಿ ಶಿರಸಿಯ ನೆಂಟರ ಮನೆಗೆ ಹೋಗುವವರಿದ್ದೇವೆ. ತಿರುಗಾಟಕ್ಕೆ ಸಿಗುವುದು ಒಂದೇ ದಿನ. ಜೊತೆಯಲ್ಲಿ 72 ವರ್ಷದ ತಂದೆಯವರೂ 5ನೆಯ ತರಗತಿಯಲ್ಲಿ ಓದುವ ಮಗಳೂ ಇರುತ್ತಾರೆ. ತಂದೆಯವರಿಗೆ ಜಲಪಾತ ನೋಡಬೇಕು. ಮಗಳಿಗೆ ಮಳೆಕಾಡಿನ ದೊಡ್ಡ ಮರ ನೋಡಬೇಕು. ಯಾಣ, ಉಂಚಳ್ಳಿ, ಮಾಗೋಡು, ಸಾತೊಡ್ಡಿ, ಜೋಗ ಐದನ್ನೂ ಒಂದೇ ದಿನದಲ್ಲಿ ಮುಗಿಸಿಕೊಡುತ್ತೇನೆ ಎಂದು ಕಾರಿನವರೊಬ್ಬರು ಹೇಳುತ್ತಾರೆ. ಸಾಧ್ಯವೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಮುಗಿಸಲು ಸಾಧ್ಯವಾದರೂ ಆಗಬಹುದು, ನೋಡಲು ಸಾಧ್ಯವಿಲ್ಲ. ಮಾಗೋಡು ಮತ್ತು ಸಾತೊಡ್ಡಿ ಯಲ್ಲಾಪುರದ ದಿಕ್ಕಿನಲ್ಲಿವೆ, ಯಾಣ ಕುಮಟಾ ರಸ್ತೆಯ ಕಡೆಗಿದೆ, ಉಂಚಳ್ಳಿ ಮತ್ತು ಜೋಗ ಸಿದ್ದಾಪುರದ ಕಡೆಗಿವೆ. ಭೂಪಟದಲ್ಲಿ ಇವೆಲ್ಲ ಶಿರಸಿಯ ಸುತ್ತ ಒತ್ತೊತ್ತಾಗಿ ಕಂಡರೂ ನಡುವೆ ಇರುವುದು ಘಟ್ಟದ ರಸ್ತೆ. ಇಲ್ಲಿ 30 ಕಿ.ಮೀ. ಎಂದರೆ ಒಂದು ಗಂಟೆ ಎಂದೇ ಲೆಕ್ಕ ಹಿಡಿಯಬೇಕು. ಐದನ್ನೂ ಹಿಡಿಯಹೊರಟರೆ ನಿಮ್ಮ ತಂದೆಯವರು ಇಡೀ ದಿನ ಕಾರಿನ ಸೀಟಿನಲ್ಲೇ ಕಳೆದು, ಪ್ರತಿ ಜಾಗದಲ್ಲೂ ಇಪ್ಪತ್ತು ನಿಮಿಷ ನಿಂತು, ಫೋಟೋ ತೆಗೆಸಿಕೊಂಡು ಮರಳುತ್ತಾರೆ. ಮಗಳಿಗಂತೂ ಮರ ಕಾಣುವುದು ಕಿಟಕಿಯ ಗಾಜಿನಾಚೆ ಓಡುವ ಹಸಿರಾಗಿ ಮಾತ್ರ.

ನಾನು ಹೇಳುವುದಾದರೆ ಎರಡನ್ನೇ ಇಟ್ಟುಕೊಳ್ಳಿ: ಬೆಳಗ್ಗೆ ಉಂಚಳ್ಳಿ ಜಲಪಾತ, ಮಧ್ಯಾಹ್ನ ಕತ್ತಲೆಕಾನು ಎಂಬ ಮಳೆಕಾಡು. ಜೋಗವನ್ನು ಬೇರೊಂದು ಪ್ರವಾಸಕ್ಕೆ ಬಿಡಿ. ಈ ಎರಡನ್ನು ಒಟ್ಟಿಗೆ ಇಡಲು ಕಾರಣ ದಾರಿಯ ಅನುಕೂಲವೊಂದೇ ಅಲ್ಲ. ಜಲಪಾತ ಮತ್ತು ದೊಡ್ಡ ಮರ ಎರಡು ಬೇರೆ ನೋಟಗಳೆಂದು ನಿಮ್ಮ ಮನೆಯಲ್ಲಿ ಪಾಲು ಮಾಡಿಕೊಂಡಂತಿದೆ. ಆದರೆ ಘಟ್ಟದಲ್ಲಿ ಅವೆರಡೂ ಒಂದೇ ಕೆಲಸದ ಎರಡು ತುದಿಗಳು. ಮೇಲಿನ ಗುಡ್ಡಗಳ ಕಾನು, ಅಂದರೆ ದಟ್ಟವಾದ ನಿತ್ಯಹರಿದ್ವರ್ಣ ಕಾಡು, ಮಳೆಗಾಲದಲ್ಲಿ ಇಂಗಿಸಿಕೊಂಡ ನೀರನ್ನು ತಿಂಗಳುಗಟ್ಟಲೆ ಒಸರಿಸುತ್ತದೆ, ಆ ಒಸರು ಹಳ್ಳವಾಗುತ್ತದೆ, ಹಳ್ಳಗಳು ಕೂಡಿ ಹೊಳೆಯಾಗಿ ಬಂಡೆಯಿಂದ ಧುಮುಕುತ್ತವೆ. ಶರಾವತಿ ಕಣಿವೆಯ ಹಳ್ಳಗಳನ್ನು ಅಭ್ಯಾಸ ಮಾಡಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಕಂಡುಕೊಂಡದ್ದೂ ಇದನ್ನೇ: ನಿತ್ಯಹರಿದ್ವರ್ಣ ಕಾಡು ಉಳಿದಿರುವ ಕಡೆ ಹಳ್ಳಗಳು ವರ್ಷವಿಡೀ ಹರಿಯುತ್ತವೆ; ಕಾಡು ಹೋಗಿ ಒಂದೇ ಜಾತಿಯ ನೆಡುತೋಪು ಬಂದ ಕಡೆ, ಅಥವಾ ಬೋಳಾದ ಕಡೆ, ಮಳೆ ನಿಂತ ಕೆಲವೇ ತಿಂಗಳಲ್ಲಿ ಒಣಗುತ್ತವೆ.

ಈಗ ದಾರಿ. ಶಿರಸಿಯಿಂದ ಬೆಳಗ್ಗೆ ಏಳಕ್ಕೆ ಹೊರಟರೆ ಹೆಗ್ಗರಣೆಯ ಮೂಲಕ ಎಂಟೂವರೆಯ ಒಳಗೆ ಉಂಚಳ್ಳಿ ತಲುಪಬಹುದು; ದೂರ ಸುಮಾರು 35 ಕಿ.ಮೀ. ಹೆಗ್ಗರಣೆ ದಾಟಿದ ಮೇಲೆ ಅಂಗಡಿಗಳನ್ನು ನಂಬಿಕೊಳ್ಳಬೇಡಿ, ಫೋನಿನ ಸಿಗ್ನಲ್ಲನ್ನೂ ನಂಬಿಕೊಳ್ಳಬೇಡಿ. ಕಾರು ನಿಲ್ಲಿಸಿದಲ್ಲಿಂದ ಕಾಡಿನ ನಡುವೆ ಕಾಲುದಾರಿ, ಅನಂತರ ಮೆಟ್ಟಿಲುಗಳು. ನಿಮ್ಮ ತಂದೆಯವರು ಮೇಲಿನ ವೀಕ್ಷಣೆಯ ಕಟ್ಟೆಯವರೆಗೆ ಹೋದರೆ ಸಾಕು. ಅಲ್ಲಿಂದಲೇ ಜಲಪಾತ ಎದುರಿಗೆ ಕಾಣುತ್ತದೆ. ಕೆಳಗಿನ ಮೆಟ್ಟಿಲುಗಳನ್ನು ಇಳಿಯುವುದು ಸುಲಭ, ಹತ್ತುವಾಗ ಮಂಡಿಗಳು ಲೆಕ್ಕ ಕೇಳುತ್ತವೆ.

ಅಘನಾಶಿನಿ ಇಲ್ಲಿ 116 ಮೀಟರ್ ಕೆಳಗೆ ಬೀಳುತ್ತದೆ. ಊರವರು ಇದನ್ನು ಕೆಪ್ಪ ಜೋಗ ಎಂದು ಕರೆಯುತ್ತಿದ್ದರು, ಕಿವಿ ಕೆಪ್ಪಾಗುವಷ್ಟು ಸದ್ದು ಎಂಬ ಅರ್ಥದಲ್ಲಿ. 1845ರಲ್ಲಿ ಲಷಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿ ಇದನ್ನು ‘ಪತ್ತೆ’ ಮಾಡಿದನೆಂದು ಅವನ ಹೆಸರೂ ಇದಕ್ಕೆ ಅಂಟಿಕೊಂಡಿತು. ಹೆಸರಿಟ್ಟು ಕರೆಯುತ್ತಿದ್ದ ಊರಿನವರ ಕಣ್ಣಿಗೆ ಬಿದ್ದದ್ದು ಪತ್ತೆಯ ಲೆಕ್ಕಕ್ಕೆ ಬರಲಿಲ್ಲ. ಕಟ್ಟೆಯ ಮೇಲೆ ನಿಂತು ನೀರನ್ನು ನೋಡಿಯಾದ ಮೇಲೆ ಒಮ್ಮೆ ಜಲಪಾತದ ಎರಡೂ ಬದಿಯ ಕಣಿವೆಯನ್ನು ನೋಡಿ ಎಂದು ಮಗಳಿಗೆ ಹೇಳಿ. ಕಾಡಿನ ಮೇಲ್ಹೊದಿಕೆಯನ್ನು ಮೇಲಿನಿಂದ ನೋಡುವ ಅವಕಾಶ ನಡೆದುಹೋಗುವವರಿಗೆ ಬಹಳ ಕಡಿಮೆ; ಇಲ್ಲಿ ಅದು ಕಟ್ಟೆಯ ಮೇಲೆ ನಿಂತಲ್ಲೇ ಸಿಗುತ್ತದೆ. ಹಸಿರು ಒಂದೇ ಬಣ್ಣವಲ್ಲ, ಒಂದೊಂದು ಮರದ ತಲೆಗೂ ಒಂದೊಂದು ಹಸಿರು ಎಂಬುದು ಅಲ್ಲಿಂದ ಗೊತ್ತಾಗುತ್ತದೆ.

ಹತ್ತೂವರೆಗೆ ಅಲ್ಲಿಂದ ಹೊರಟು ಸಿದ್ದಾಪುರಕ್ಕೆ ಬನ್ನಿ. ಊಟ ಅಲ್ಲೇ ಆಗಲಿ, ಇಲ್ಲವೇ ನೆಂಟರ ಮನೆಯಿಂದ ಬುತ್ತಿ ಕಟ್ಟಿಸಿಕೊಂಡು ಬನ್ನಿ. ಮನೆಯ ತಂಬುಳಿ ಮತ್ತು ಅಪ್ಪೆಹುಳಿಗೆ ಸಾಟಿಯಾದದ್ದು ಹೋಟೆಲಿನಲ್ಲಿ ಸಿಗುವುದಿಲ್ಲ. ಸಿದ್ದಾಪುರದಿಂದ ಮಾವಿನಗುಂಡಿಗೆ ಬಂದು, ಜೋಗದ ದಾರಿಯನ್ನು ಬಿಟ್ಟು ಹೊನ್ನಾವರದ ಹೆದ್ದಾರಿ ಹಿಡಿದರೆ ಮಲೆಮನೆ, ಕತ್ತಲೆಕಾನಿನ ಸೀಮೆ. ಗೇರುಸೊಪ್ಪೆಯ ಘಟ್ಟ ಇಳಿಯುವ ದಾರಿ ಇದು. ಇಲ್ಲಿಗೆ ಹನ್ನೆರಡೂವರೆ ಒಂದರ ಹೊತ್ತಿಗೆ ಬರಬೇಕು ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಹೆಸರೇ ಹೇಳುವಂತೆ ಇದು ಕತ್ತಲೆಯ ಕಾನು. ಸೂರ್ಯ ನೆತ್ತಿಯ ಮೇಲೆ ಇರುವಾಗ ಮಾತ್ರ ಬೆಳಕಿನ ಕೋಲುಗಳು ಎಲೆಗಳ ಸಂದಿಯಿಂದ ನೆಲದವರೆಗೆ ಇಳಿಯುತ್ತವೆ. ನಾಲ್ಕು ಗಂಟೆಗೆಲ್ಲ ಒಳಗೆ ಮುಸ್ಸಂಜೆ.

ಇಲ್ಲಿ ಟಿಕೆಟ್ ಕೌಂಟರ್ ಇಲ್ಲ, ‘ಹೆಮ್ಮರ ವೀಕ್ಷಣಾ ಪಥ’ ಎಂಬ ಫಲಕವಿಲ್ಲ. ಕಾಡಿನ ಒಳಗೆ ಹೋಗುವುದಿದ್ದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲೇ ಕೇಳಿ, ಅನುಮತಿ ಸಿಕ್ಕರೆ ಸ್ಥಳೀಯರೊಬ್ಬರನ್ನು ಕರೆದುಕೊಂಡೇ ಹೋಗಿ. ಸಿಗದಿದ್ದರೂ ಬೇಸರ ಬೇಡ. ಹೆದ್ದಾರಿಯ ಬದಿಯಲ್ಲಿ, ಅಗಲವಾದ ಜಾಗದಲ್ಲಿ, ತಿರುವಿನಿಂದ ದೂರ ಕಾರನ್ನು ನಿಲ್ಲಿಸಿ, ರಸ್ತೆಯ ಅಂಚಿನಲ್ಲೇ ನಿಂತು ನೋಡಿದರೂ ಸಾಕಷ್ಟು ಮರಗಳು ಕಾಣುತ್ತವೆ. ನಿಮ್ಮ ತಂದೆಯವರಿಗಂತೂ ಇದೇ ಒಳ್ಳೆಯದು. ಮಡಚುವ ಕುರ್ಚಿಯೊಂದನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಬನ್ನಿ. ಎರಡು ಗಂಟೆ ಇಲ್ಲಿ ಕಳೆದು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಶಿರಸಿಯಲ್ಲಿರುತ್ತೀರಿ.

ಪ್ರಶ್ನೆ: ನಾನು ಕಳೆದ ವರ್ಷ ಅದೇ ರಸ್ತೆಯಲ್ಲಿ ಹೋಗಿದ್ದೆ. ಕಾಡು ದಟ್ಟವಾಗಿತ್ತು, ನಿಜ. ಆದರೆ ವೀಡಿಯೋಗಳಲ್ಲಿ ನೋಡುವಂಥ ದೈತ್ಯ ಮರ ಒಂದೂ ಕಾಣಲಿಲ್ಲ. ನಮ್ಮೂರ ದೊಡ್ಡ ಆಲದಮರದ ಮುಂದೆ ಅವು ಏನೂ ಅಲ್ಲ ಎನ್ನಿಸಿತು. ನಮ್ಮ ಮಳೆಕಾಡಿನಲ್ಲಿ ನಿಜವಾಗಿ ದೊಡ್ಡ ಮರಗಳು ಇವೆಯೇ?
– ದಾವಣಗೆರೆಯ ಪದವಿ ವಿದ್ಯಾರ್ಥಿ

ಉತ್ತರ: ಇವೆ, ಆದರೆ ನೀವು ನೋಡಿದ್ದು ಅಡ್ಡಗಲ, ನೋಡಬೇಕಾದದ್ದು ಎತ್ತರ. ಊರ ಆಲದಮರ ಬಯಲಿನಲ್ಲಿ ಒಂಟಿಯಾಗಿ ನಿಂತು ಬೆಳೆದದ್ದು. ಅದಕ್ಕೆ ಬಿಸಿಲಿನ ಬರವಿಲ್ಲ, ಆದ್ದರಿಂದ ಕೈಚಾಚಿ ಕುಳಿತಿದೆ. ಕಾನಿನ ಮರ ಬಿಸಿಲಿಗಾಗಿ ನೆರೆಯವರೊಡನೆ ಜಿದ್ದಿಗೆ ಬಿದ್ದು ಬೆಳೆದದ್ದು. ಬುಡದಿಂದ ಇಪ್ಪತ್ತು ಮೀಟರಿನವರೆಗೆ ಒಂದೂ ಕೊಂಬೆಯಿಲ್ಲದೆ ಕಂಬದಂತೆ ಏರಿ, ಎಲ್ಲರ ತಲೆಯ ಮೇಲೆ ಹೋದ ಮೇಲೆಯೇ ಕೊಡೆ ಬಿಚ್ಚುತ್ತದೆ. ಪಶ್ಚಿಮ ಘಟ್ಟದ ಒಳ್ಳೆಯ ಕಾನಿನಲ್ಲಿ ಮೇಲ್ಹೊದಿಕೆಯ ಎತ್ತರ 30 ಮೀಟರಿನ ಆಚೀಚೆ ಇರುತ್ತದೆ, ಅದನ್ನೂ ದಾಟಿ ನಿಂತ ಮರಗಳು 40 ಮೀಟರಿನ ಹತ್ತಿರ ಹೋಗುತ್ತವೆ. ಅಂದರೆ ಹನ್ನೆರಡು ಹದಿಮೂರು ಅಂತಸ್ತಿನ ಕಟ್ಟಡ. ಅದು ಕಟ್ಟಡದಂತೆ ಬಯಲಿನಲ್ಲಿ ನಿಂತಿದ್ದರೆ ನೀವು ಬೆರಗಾಗುತ್ತಿದ್ದಿರಿ. ಕಾಡಿನೊಳಗೆ ನಿಮಗೆ ಕಂಡದ್ದು ಬುಡದ ಎರಡಾಳು ಎತ್ತರ ಮಾತ್ರ.

ನೀವು ವೀಡಿಯೋದಲ್ಲಿ ನೋಡಿದ್ದು ಬಹುಶಃ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಇರಬೇಕು. ಲೋಕದ ಅತಿ ಎತ್ತರದ ಮರವೆಂದು ಹೆಸರಾದ ‘ಹೈಪೀರಿಯನ್’ ಆ ಜಾತಿಯದು; ಎತ್ತರ ಸುಮಾರು 115 ಮೀಟರ್. ಅವು ತಂಪು ಕರಾವಳಿಯ, ಕಡಲ ಮಂಜನ್ನು ಕುಡಿಯುವ ಸೂಚಿಪರ್ಣ ಮರಗಳು. ನಮ್ಮ ಕಾಡಿಗೂ ಅವಕ್ಕೂ ಸಂಬಂಧವಿಲ್ಲ. ಹೋಲಿಸಲೇಬೇಕೆಂದಿದ್ದರೆ ಬೋರ್ನಿಯೋ ದ್ವೀಪದ ಸಬಾಕ್ಕೆ ಹೋಲಿಸಿ. ಅಲ್ಲಿನ ಮಳೆಕಾಡಿನ ಹಳದಿ ಮೆರಾಂಟಿ ಮರವೊಂದು 100 ಮೀಟರ್ ದಾಟಿದೆ ಎಂದು 2019ರಲ್ಲಿ ವರದಿಯಾಯಿತು; ಉಷ್ಣವಲಯದ ಮರವೊಂದು ನೂರನ್ನು ದಾಟಿದ ದಾಖಲೆ ಅದು. ಆ ಮೆರಾಂಟಿ ಮತ್ತು ನಮ್ಮ ಧೂಪ, ಹೈಗ, ಎಣ್ಣೆಮರಗಳೆಲ್ಲ ಡಿಪ್ಟರೋಕಾರ್ಪ್ ಎಂಬ ಒಂದೇ ಮನೆತನದವು.

ದಾಯಾದಿಗಳು ನೂರು ಮೀಟರ್ ಬೆಳೆದಿರುವಾಗ ನಮ್ಮವೇಕೆ ನಲವತ್ತಕ್ಕೆ ನಿಂತವು? ಒಂದು ಮುಖ್ಯ ಕಾರಣ ಬೇಸಗೆ. ಬೋರ್ನಿಯೋದಲ್ಲಿ ವರ್ಷದ ಎಲ್ಲ ತಿಂಗಳೂ ಮಳೆ. ಇಲ್ಲಿ ಘಟ್ಟದ ಅಂಚಿನಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಸುರಿದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಮುಗಿದುಹೋಗುತ್ತದೆ. ಆಮೇಲೆ ಐದಾರು ತಿಂಗಳು ಮರ ತನ್ನ ಉಳಿತಾಯದಲ್ಲಿ ಬದುಕಬೇಕು. ಕೇರಳದಿಂದ ಉತ್ತರಕ್ಕೆ ಬಂದಂತೆ ಒಣ ತಿಂಗಳುಗಳು ಹೆಚ್ಚುತ್ತ ಹೋಗುವುದರಿಂದ ಎಣ್ಣೆಮರದಂಥ ಮರಗಳು ಉತ್ತರ ಕನ್ನಡದಲ್ಲೇ ತಮ್ಮ ಎಲ್ಲೆಯನ್ನು ಮುಟ್ಟುತ್ತವೆ. ಕತ್ತಲೆಕಾನಿನ ಹಿರಿಮೆ ಇರುವುದೇ ಇಲ್ಲಿ: ಅದು ಮಳೆಕಾಡಿನ ನಡುಮನೆಯಲ್ಲ, ಹೊಸ್ತಿಲು. ಇನ್ನೊಂದು ಕಾರಣ ಮನುಷ್ಯನದು. ನೇರವಾದ, ದಪ್ಪವಾದ ಮರಗಳನ್ನು ರೈಲು ಹಳಿಗಳ ಅಡಿದಿಮ್ಮಿಗೆ, ಆಮೇಲೆ ಪ್ಲೈವುಡ್ಡಿಗೆ ಆರಿಸಿ ಆರಿಸಿ ಕಡಿದಿದ್ದೇವೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತು ಅಪ್ಪಿಕೋ ಚಳವಳಿ ಆರಂಭಿಸಿದ್ದು ಇಂಥ ಕಡಿತದ ವಿರುದ್ಧವೇ. ಇಂದು ನಿಮಗೆ ಕಾಣುವ ದೊಡ್ಡ ಮರಗಳಲ್ಲಿ ಎಷ್ಟೋ ಆಗ ಗರಗಸದಿಂದ ತಪ್ಪಿಸಿಕೊಂಡವು, ಇಲ್ಲವೇ ದೇವರ ಹೆಸರಿನಲ್ಲಿ ಉಳಿದವು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಲ್ಲಿಯ ಕಾಡು ಆಯಾ ಊರಿನ ದೇವರ ಸೊತ್ತೆಂದು ಜನ ನಂಬುತ್ತಾರೆ, ಕೇಳದೆ ಕಡಿಯುವಂತಿಲ್ಲ ಎಂದು ಬರೆದಿಟ್ಟಿದ್ದಾನೆ.

ಮುಂದಿನ ಸಲ ಹೋದಾಗ ಹೀಗೆ ಮಾಡಿ. ಒಂದು ಮರದ ಬುಡದಿಂದ ಸ್ವಲ್ಪ ದೂರ ಹೋಗಿ, ಬೆನ್ನನ್ನು ಇನ್ನೊಂದು ಮರಕ್ಕೆ ಆನಿಸಿ, ಕಾಂಡದ ಜೊತೆಗೆ ಕಣ್ಣನ್ನು ನಿಧಾನವಾಗಿ ಮೇಲೆ ಕೊಂಡೊಯ್ಯಿರಿ. ಮೊದಲ ಕೊಂಬೆ ಎಲ್ಲಿ ಒಡೆದಿದೆ ಎಂಬುದನ್ನು ಹುಡುಕಿ. ಕುತ್ತಿಗೆ ನೋಯತೊಡಗಿದಾಗ ಅದು ಸಿಗುತ್ತದೆ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಕ್ಕಳಿಗೆ ತೋರಿಸಿ ಹೇಳಬಹುದಾದಂಥ, ಸುಲಭವಾಗಿ ಗುರುತಿಸಬಹುದಾದ ಮರಗಳು ಯಾವುವು? ಕೆಲವು ಮರಗಳ ಬೇರು ನೆಲದಿಂದ ಮೇಲೆ ಬಂದಿರುತ್ತದೆ ಎಂದು ಕೇಳಿದ್ದೇನೆ, ಅದು ಏಕೆ?
– ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಬೇರಿನಿಂದಲೇ ಆರಂಭಿಸೋಣ, ಮಕ್ಕಳಿಗೆ ಎಲೆಗಿಂತ ಅದು ಬೇಗ ಹಿಡಿಸುತ್ತದೆ, ಎಲೆ ಇರುವುದೂ ಮುಗಿಲಿನಲ್ಲಿ. ಮಳೆಕಾಡಿನಲ್ಲಿ ಬಿದ್ದ ಎಲೆ ಬೇಗ ಕೊಳೆತು, ಅದರ ಸಾರವನ್ನು ಬೇರುಗಳು ಬೇಗ ಹೀರಿಕೊಂಡುಬಿಡುವುದರಿಂದ ಸತ್ತ್ವವೆಲ್ಲ ಮೇಲಿನ ತೆಳು ಪದರದಲ್ಲಿಯೇ ಇರುತ್ತದೆ. ಆದ್ದರಿಂದ ಮರಗಳ ಬೇರೂ ಆಳಕ್ಕಿಂತ ಅಗಲಕ್ಕೆ ಹರಡುತ್ತದೆ. ಆಳದ ಬೇರಿಲ್ಲದೆ ನಲವತ್ತು ಮೀಟರಿನ ಮರ ಗಾಳಿಗೆ ನಿಲ್ಲಬೇಕಲ್ಲ? ಅದಕ್ಕೆ ಕಾಂಡದ ಬುಡದಲ್ಲಿ ಹಲಗೆಗಳಂತೆ ಚಾಚಿದ ಆನಿಕೆಗಳು ಬೆಳೆಯುತ್ತವೆ. ಹಳೆಯ ಕೋಟೆಯ ಗೋಡೆಗೆ ಹೊರಗಿನಿಂದ ಆಸರೆ ಕೊಟ್ಟಂತೆ ಎಂದರೆ ಮಕ್ಕಳಿಗೆ ಅರ್ಥವಾಗುತ್ತದೆ.

ಕತ್ತಲೆಕಾನಿನ ವಿಶೇಷ ಇನ್ನೊಂದು ಬಗೆಯ ಬೇರು. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ, ಹಳ್ಳದ ಗುಂಟ, ಬೇಸಗೆಯಲ್ಲೂ ಆರದ ಜೌಗು ನೆಲವಿದೆ. ಇಂಥದನ್ನು ರಾಮಪತ್ರೆ ಜಡ್ಡಿ ಎನ್ನುತ್ತಾರೆ; ವಿಜ್ಞಾನಿಗಳ ಬಾಯಲ್ಲಿ ಮಿರಿಸ್ಟಿಕಾ ಜೌಗು. ಕಾಡುಜಾಯಿಕಾಯಿಯ ಕುಲದ ಮರಗಳದೇ ಇಲ್ಲಿ ಮೇಲುಗೈ. ಕೆಸರಿನಲ್ಲಿ ಗಾಳಿಯಾಡುವುದಿಲ್ಲ, ಬೇರಿಗೆ ಉಸಿರು ಸಿಗುವುದಿಲ್ಲ. ಅದಕ್ಕಾಗಿ ಕೆಲವು ಮರಗಳು ಕಾಂಡದಿಂದ ಊರುಗೋಲುಗಳಂತೆ ಬೇರುಗಳನ್ನು ಇಳಿಬಿಟ್ಟಿವೆ. ಇನ್ನು ಕೆಲವುಗಳ ಬೇರು ಕೆಸರಿನಿಂದ ಮೇಲೆದ್ದು, ಮಡಿಸಿದ ಮಂಡಿಯಂತೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತದೆ. ನೂರಾರು ಜನ ಕೆಸರಿನಲ್ಲಿ ಮಲಗಿ ಮಂಡಿಗಳನ್ನಷ್ಟೇ ಹೊರಗಿಟ್ಟಂತೆ ಕಾಣುವ ಆ ನೆಲವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಆ ಬೇರುಗಳ ಮೇಲೆ ಮಕ್ಕಳು ಕಾಲಿಡದಂತೆ ನೋಡಿಕೊಳ್ಳಿ. ಅವು ಮರದ ಮೂಗು. ತುಳಿದು ಗಟ್ಟಿಯಾದ ನೆಲದಲ್ಲಿ ಸಸಿಯೂ ಏಳುವುದಿಲ್ಲ. ನಲವತ್ತು ಮಕ್ಕಳ ತಂಡವನ್ನು ಜಡ್ಡಿಯ ಒಳಗೆ ಇಳಿಸಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಂಚಿನಲ್ಲಿ ನಿಲ್ಲಿಸಿ ತೋರಿಸಿ.

ಈ ಪುಟ್ಟ ಜಡ್ಡಿಗಳ ಸಂಪತ್ತನ್ನು ನಾವು ಎಷ್ಟು ಕಡಿಮೆ ಅರಿತಿದ್ದೆವು ಎಂಬುದಕ್ಕೆ ಒಂದು ಮಾತು ಸಾಕು: ಗೇರಿನ ಕುಟುಂಬಕ್ಕೆ ಸೇರಿದ ದೊಡ್ಡ ಮರವೊಂದನ್ನು ಇಲ್ಲಿ ಗುರುತಿಸಿ, 2000ದಲ್ಲಿ ಅದಕ್ಕೆ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಹೆಸರಿಟ್ಟರು. ಹೆದ್ದಾರಿಯ ಮಗ್ಗುಲಲ್ಲಿಯೇ ಇದ್ದ ಅಷ್ಟು ದೊಡ್ಡ ಮರ ಇಪ್ಪತ್ತನೆಯ ಶತಮಾನ ಮುಗಿಯುವವರೆಗೆ ಸಸ್ಯಶಾಸ್ತ್ರದ ಪಟ್ಟಿಯಲ್ಲಿಯೇ ಇರಲಿಲ್ಲ.

ಇನ್ನು ಗುರುತಿನ ಮಾತು. ಎಣ್ಣೆಮರವನ್ನು ಕೆಲವೆಡೆ ಧೂಮ ಎಂದೂ ಕರೆಯುತ್ತಾರೆ. ಅದರ ನೆಟ್ಟನೆಯ ಬಿಳಿಚು ಕಾಂಡಕ್ಕಿಂತ ಕೆಳಗೆ ಬಿದ್ದ ಕಾಯಿಯನ್ನು ಹುಡುಕುವುದು ಸುಲಭ. ಕಾಯಿಗೆ ಎರಡು ಉದ್ದನೆಯ ರೆಕ್ಕೆಗಳಿರುತ್ತವೆ; ಒಂದನ್ನು ಮೇಲಕ್ಕೆ ಎಸೆದರೆ ಗಿರಿಗಿಟ್ಲೆಯಂತೆ ತಿರುಗುತ್ತ ಇಳಿಯುತ್ತದೆ. ‘ಡಿಪ್ಟರೋಕಾರ್ಪಸ್’ ಎಂಬ ಹೆಸರಿನ ಅರ್ಥವೂ ಎರಡು ರೆಕ್ಕೆಯ ಹಣ್ಣು ಎಂದೇ. ಹೆಬ್ಬಲಸು ಹಲಸಿನ ಅಣ್ಣ; ಮುಳ್ಳುಮುಳ್ಳಾದ ಪುಟ್ಟ ಹಣ್ಣು ನೋಡಿದರೆ ಮಕ್ಕಳೇ ಹೇಳಿಬಿಡುತ್ತಾರೆ. ರಕ್ತಮರದ ತೊಗಟೆಯಲ್ಲಿ ಗಾಯವಾದ ಕಡೆ ಕೆಂಪು ರಸ ಒಸರಿ ಹೆಪ್ಪುಗಟ್ಟಿರುತ್ತದೆ; ತೋರಿಸುವುದಕ್ಕೆಂದು ನೀವಾಗಿ ಕೆತ್ತಬೇಡಿ, ಹುಡುಕಿದರೆ ಹಳೆಯ ಗಾಯ ಸಿಕ್ಕೇ ಸಿಗುತ್ತದೆ. ಮೀನಿನ ಬಾಲದಂಥ ಎಲೆಯ ಬೈನೆ, ಹುಳಿಗೆ ಬಳಸುವ ಉಪ್ಪಾಗೆ ಮತ್ತು ಮುರುಗಲು, ಮರ ಹತ್ತುವ ಬೆತ್ತ ಇವೆಲ್ಲ ದಾರಿಯ ಬದಿಯಲ್ಲೇ ಸಿಗುತ್ತವೆ. ‘ಧೂಪದ ಮರ ಯಾವುದು’ ಎಂದು ಸ್ಥಳೀಯರನ್ನು ಕೇಳುವಾಗ ಮಾತ್ರ ಎಚ್ಚರವಿರಲಿ. ಸುಟ್ಟರೆ ಪರಿಮಳ ಬರುವ ಅಂಟಿನ ಎರಡು ಮೂರು ಬೇರೆ ಬೇರೆ ಮರಗಳಿಗೆ ಒಂದೊಂದು ಊರಿನಲ್ಲಿ ಆ ಹೆಸರಿದೆ. ಉಡುಪಿ, ಮಂಗಳೂರಿನ ಕಡೆ ರಸ್ತೆಬದಿಗೆ ಸಾಲಾಗಿ ನೆಟ್ಟ ಸಾಲುಧೂಪವನ್ನು ನೋಡಿದವರಿಗೆ ನಿಜವಾದದ್ದರ ಪರಿಚಯ ಆಗಲೇ ಆಗಿರುತ್ತದೆ.

ಸಿಂಗಳೀಕ ಕಂಡರೆ ಅದು ನಿಮ್ಮ ಭಾಗ್ಯ. ಇಡೀ ಪಶ್ಚಿಮ ಘಟ್ಟದಲ್ಲಿ ಸಿಂಗಳೀಕಗಳ ಉತ್ತರದ ತುದಿಯ ನೆಲೆ ಇದೇ ಶಿರಸಿ–ಹೊನ್ನಾವರದ ಕಾಡು. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಿದ್ದು ಅದಕ್ಕಾಗಿ. ಚಿಪ್ಸಿನ ಪೊಟ್ಟಣ ತೆರೆದು ಅವನ್ನು ಕರೆಯುವ ಪ್ರವಾಸಿಗರು ಇದ್ದಾರೆ. ಹಾಗೆ ರಸ್ತೆಗೆ ಇಳಿಯುವುದನ್ನು ಕಲಿತ ಸಿಂಗಳೀಕ ಲಾರಿಯ ಚಕ್ರಕ್ಕೆ ಸಿಗುವ ಸಿಂಗಳೀಕ ಎಂದು ಮಕ್ಕಳಿಗೆ ನೇರವಾಗಿಯೇ ಹೇಳಿ.

ಪ್ರಶ್ನೆ: ಯಾವ ತಿಂಗಳು ಹೋಗುವುದು ಉತ್ತಮ? ಮಳೆಗಾಲದಲ್ಲಿ ಉಂಬಳದ (ಜಿಗಣೆಯ) ಕಾಟ, ಬೇಸಗೆಯಲ್ಲಿ ನೀರಿರುವುದಿಲ್ಲ ಎನ್ನುತ್ತಾರೆ. ಜೋಗಕ್ಕೆ ಜನವರಿಯಲ್ಲಿ ಹೋಗಿ ನಿರಾಶರಾಗಿ ಬಂದಿದ್ದೇವೆ.
– ಬೆಂಗಳೂರಿನ ಓದುಗರು

ಉತ್ತರ: ಜೋಗದ ಲೆಕ್ಕವನ್ನು ಉಂಚಳ್ಳಿಗೆ ಹಾಕಬೇಡಿ. ಜೋಗದ ಮೇಲುಗಡೆ 1964ರಿಂದ ಲಿಂಗನಮಕ್ಕಿ ಅಣೆಕಟ್ಟು ಇದೆ. 253 ಮೀಟರಿನ ಆ ಧಾರೆಗೆ ಎಷ್ಟು ನೀರು ಎಂಬುದನ್ನು ಈಗ ಮಳೆಗಿಂತ ಹೆಚ್ಚಾಗಿ ಜಲಾಶಯ ನಿರ್ಧರಿಸುತ್ತದೆ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಶಿರಸಿಯ ಶಂಕರಹೊಂಡದಿಂದ ಹೊರಟು ಕುಮಟೆಯ ಬಳಿ ಕಡಲು ಸೇರುವವರೆಗೆ ಅದು ತನ್ನ ಪಾಡಿಗೆ ಹರಿಯುವ ಹೊಳೆ. ಆದ್ದರಿಂದ ಮಳೆ ನಿಂತ ಮೇಲೆ ಉಂಚಳ್ಳಿ ಥಟ್ಟನೆ ಸೊರಗುವುದಿಲ್ಲ, ಮೆಲ್ಲಗೆ ತೆಳುವಾಗುತ್ತ ಹೋಗುತ್ತದೆ. ಜನವರಿಯಲ್ಲೂ ಅಲ್ಲಿ ಬಂಡೆಯ ಮೈಮೇಲೆ ನೀರಿನ ನೆರಿಗೆ ಕಾಣುತ್ತದೆ.

ಜುಲೈ, ಆಗಸ್ಟ್ ತಿಂಗಳಲ್ಲಿ ಹೋದವರು ಎಷ್ಟೋ ಸಲ ಸದ್ದು ಕೇಳಿಸಿಕೊಂಡು ಮಾತ್ರ ಬರುತ್ತಾರೆ. ಎದುರಿಗೆ ಮಂಜಿನ ಬಿಳಿ ಗೋಡೆ. ಘಟ್ಟದ ರಸ್ತೆಯಲ್ಲಿ ಆ ದಿನಗಳಲ್ಲಿ ಮಣ್ಣು, ಮರ ಬೀಳುವುದೂ ಇದೆ. ನನ್ನ ಆಯ್ಕೆ ಅಕ್ಟೋಬರ್‌ನಿಂದ ನವೆಂಬರ್ ಕೊನೆಯವರೆಗೆ: ನೀರು ತುಂಬಿರುತ್ತದೆ, ಆಕಾಶ ತೊಳೆದಂತಿರುತ್ತದೆ, ಜಡ್ಡಿಯಲ್ಲಿ ನೀರು ಆಡುತ್ತಿರುತ್ತದೆ.

ಉಂಬಳ ಆಗಲೂ ಸ್ವಲ್ಪ ಇರುತ್ತದೆ. ಅದಕ್ಕೆ ಹೆದರಿ ಪ್ರವಾಸ ಬಿಡುವಂಥದ್ದೇನೂ ಇಲ್ಲ. ಉದ್ದನೆಯ ಕಾಲುಚೀಲದೊಳಗೆ ಪ್ಯಾಂಟಿನ ತುದಿ ಸೇರಿಸಿ, ಚೀಲದ ಮೇಲೆ ಹೊಗೆಸೊಪ್ಪಿನ ಪುಡಿ ಅಥವಾ ಉಪ್ಪು ಉಜ್ಜಿಕೊಳ್ಳಿ. ಹತ್ತಿದ್ದನ್ನು ಎಳೆದು ಕೀಳಬೇಡಿ, ಸ್ವಲ್ಪ ಉಪ್ಪು ಅಥವಾ ಸುಣ್ಣ ತಾಗಿಸಿದರೆ ತಾನೇ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಗಾಬರಿಯಾಗಬೇಡಿ.

ನಿಜವಾಗಿ ಲಕ್ಷ್ಯ ಕೊಡಬೇಕಾದದ್ದು ಉಂಬಳಕ್ಕಲ್ಲ, ಉಣುಗಿಗೆ (ಉಣ್ಣೆಗೆ). 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣುಗಿನ ಕಡಿತದಿಂದ. ಡಿಸೆಂಬರ್ ಕಳೆದು ಕಾಡಿನ ನೆಲ ಒಣಗಿ ತರಗೆಲೆ ಬೀಳತೊಡಗಿದ ಮೇಲೆ ಮೇ ತಿಂಗಳವರೆಗೆ ಅದರ ಕಾಲ. ಸಿದ್ದಾಪುರ, ಸಾಗರದ ಸೀಮೆಯಲ್ಲಿ ಇತ್ತೀಚಿನ ವರ್ಷಗಳಲ್ಲಿಯೂ ರೋಗಿಗಳು ಕಂಡುಬಂದಿದ್ದಾರೆ. ಆ ತಿಂಗಳುಗಳಲ್ಲಿ ಹೋಗುವವರು ಹೊರಡುವ ಮೊದಲು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರಿಸ್ಥಿತಿ ಹೇಗಿದೆ ಎಂದು ವಿಚಾರಿಸಿ, ಕೈಕಾಲುಗಳಿಗೆ ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲ ಹಚ್ಚಿಕೊಂಡು, ತರಗೆಲೆಯ ಮೇಲೆ ಕುಳಿತುಕೊಳ್ಳದೆ, ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ತೊಟ್ಟ ಬಟ್ಟೆಯನ್ನು ಬಿಸಿನೀರಿನಲ್ಲೇ ಒಗೆಯಬೇಕು. ಮಂಗ ಸತ್ತು ಬಿದ್ದಿರುವುದು ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸಿ. ಪ್ರವಾಸದಿಂದ ಬಂದ ಮೇಲೆ ಒಂದು ವಾರದ ಆಸುಪಾಸಿನಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಿ. ಇದು ಹೆದರಿಸಲು ಬರೆದದ್ದಲ್ಲ. ಊರಿನವರು ಪ್ರತಿ ವರ್ಷ ಮಾಡುವುದನ್ನು ಒಂದು ದಿನಕ್ಕೆ ಬಂದವರೂ ಮಾಡಲಿ ಎಂದು ಅಷ್ಟೇ.

ಪ್ರಶ್ನೆ: ಉಂಚಳ್ಳಿಯಲ್ಲಿ ನೀರಿಗೆ ಇಳಿಯಬಹುದೇ?
– ಗದಗದ ಓದುಗರು

ಉತ್ತರ: ಬೇಡ. ಅದು ನೋಡುವ ಜಲಪಾತ, ಮೀಯುವ ಜಲಪಾತ ಅಲ್ಲ. ಬೇಲಿಯಾಚೆ ಕಡಿದಾದ ಕಣಿವೆ, ಪಾಚಿ ಹಿಡಿದ ಬಂಡೆ. ಮೇಲೆಲ್ಲೋ ಮಳೆ ಸುರಿದರೆ ಇಲ್ಲಿ ಬಿಸಿಲಿದ್ದಂತೆಯೇ ನೀರು ಏರುತ್ತದೆ.

ಪ್ರಶ್ನೆ: ಕತ್ತಲೆಕಾನಿನ ಹತ್ತಿರ ಕೆಂಪು ಜಾಲದ ಹೊದಿಕೆಯ ಬೀಜಗಳು ಬಿದ್ದಿದ್ದವು. ನಾಲ್ಕನ್ನು ತಂದು ಮನೆಯ ಕುಂಡದಲ್ಲಿ ಹಾಕಿದೆ, ಎರಡು ತಿಂಗಳಾದರೂ ಮೊಳೆಯಲಿಲ್ಲ. ಎಲ್ಲಿ ತಪ್ಪಿದೆ?
– ಧಾರವಾಡದ ಓದುಗರು

ಉತ್ತರ: ನೀವು ತಂದದ್ದು ರಾಮಪತ್ರೆಯ ಕುಲದ ಬೀಜ, ಆ ಕೆಂಪು ಹೊದಿಕೆಯೇ ಪತ್ರೆ. ಭತ್ತ, ಹೆಸರುಕಾಳಿನಂತೆ ಒಣಗಿಸಿ ಇಟ್ಟು ಬಿತ್ತುವ ಬೀಜ ಇದಲ್ಲ. ಸದಾ ತೇವದ ನೆಲದಲ್ಲಿ ಬಿದ್ದು ಕೂಡಲೇ ಮೊಳೆಯುವುದಕ್ಕೆಂದು ರೂಪುಗೊಂಡ ಇಂಥ ಬೀಜಗಳು ಒಣಗಿದ ಕೆಲವೇ ದಿನಗಳಲ್ಲಿ ಜೀವ ಕಳೆದುಕೊಳ್ಳುತ್ತವೆ. ಎಣ್ಣೆಮರದ ಬೀಜವೂ ಹೀಗೆಯೇ. ನಿಮ್ಮ ಕಾರು ಧಾರವಾಡ ಮುಟ್ಟುವ ಹೊತ್ತಿಗೆ ಅರ್ಧ, ಕುಂಡ ಸಿದ್ಧವಾಗುವ ಹೊತ್ತಿಗೆ ಪೂರ್ತಿ ಆರಿರಬೇಕು. ಮೊಳೆತಿದ್ದರೂ ಧಾರವಾಡದ ಏಪ್ರಿಲ್ ತಿಂಗಳ ಬಿಸಿಲನ್ನು ಜಡ್ಡಿಯ ಸಸಿ ತಾಳುತ್ತಿರಲಿಲ್ಲ. ಅದಲ್ಲದೆ ಕಾಡಿನಿಂದ ಅನುಮತಿಯಿಲ್ಲದೆ ಏನನ್ನೂ ತರುವಂತಿಲ್ಲ, ಬಿದ್ದ ಬೀಜವನ್ನೂ. ಆ ಕೆಂಪು ಬಣ್ಣ ನಮಗಾಗಿ ಅಲ್ಲ, ಮಂಗಟ್ಟೆ ಹಕ್ಕಿಗಳಿಗಾಗಿ. ಪತ್ರೆಯ ಆಸೆಗೆ ಬೀಜವನ್ನು ನುಂಗಿ, ಪತ್ರೆಯನ್ನು ಅರಗಿಸಿಕೊಂಡು, ಬೀಜವನ್ನು ಇನ್ನೊಂದು ಹಳ್ಳದ ಬದಿಯಲ್ಲಿ ಉಗುಳುವ ಕೆಲಸವನ್ನು ಅವು ಮಾಡುತ್ತವೆ. ಮುಂದಿನ ಸಲ ಅಂಥ ಬೀಜ ಕಂಡರೆ ಅಲ್ಲೇ ಬಿಟ್ಟು, ತಲೆಯೆತ್ತಿ ನೋಡಿ. ರೆಕ್ಕೆ ಬಡಿಯುವ ಸದ್ದು ರೈಲಿನ ಹಬೆಯಂತೆ ಕೇಳಿಸಿದರೆ ಬೀಜದ ಯಜಮಾನರು ಹತ್ತಿರದಲ್ಲೇ ಇದ್ದಾರೆ.